ವಿಡಿಯೋ ಗೇಮ್ ಕನ್ಸೋಲುಗಳಲ್ಲಿ ವಯೋಮಿತಿ ದರ್ಜೆ ಮತ್ತು ಪೋಷಕ ನಿಯಂತ್ರಣ

ಟೆಲಿವಿಷನ್ನಿಗೆ ಜೋಡಿಸಿಯೋ ಕೈಯಲ್ಲಿ ಹಿಡಿದೋ ಆಡತಕ್ಕ ಆಟಗಳಿಗಾಗಿಯೇ ನಿರ್ಮಿತವಾದ ಗಣಕಯಂತ್ರವನ್ನು ವಿಡಿಯೋ ಗೇಮ್ ಕನ್ಸೋಲ್ ಎನ್ನುವರು. ಇಂಥ ಯಂತ್ರದ ಮೇಲೆ ಆಡುವ ಒಂದೊಂದು ಆಟವೂ ಯಾವ ವಯಸ್ಸಿನವರಿಗೆ ಯೋಗ್ಯವೆಂಬುದನ್ನು ಪರೀಕ್ಷಿಸಿ ಅದರ ಡಬ್ಬಿಯ ಮೇಲೆ ಮುದ್ರಿಸುವ ಗುರುತಿಗೆ ವಯೋಮಿತಿ ದರ್ಜೆಯೆಂದೂ, ಆ ಗುರುತನ್ನು ಯಂತ್ರವೇ ಓದಿಕೊಂಡು ಮಗುವಿನ ವಯಸ್ಸಿಗೆ ತಕ್ಕಂತೆ ಆಟವನ್ನು ತೆರೆಯುವ ಇಲ್ಲವೆ ತಡೆಯುವ ಹಾಗೆ ತಂದೆತಾಯಿಗಳು ಮಾಡಿಡುವ ಏರ್ಪಾಡಿಗೆ ಪೋಷಕ ನಿಯಂತ್ರಣವೆಂದೂ ಹೆಸರು. ಮೊದಲನೆಯದು ತಿಳಿವಳಿಕೆ, ಎರಡನೆಯದು ಅಧಿಕಾರ. ಇವೆರಡೂ ಹುಟ್ಟಿದ್ದು ತೆರೆಯ ಮೇಲೆ ಮಗು ಏನನ್ನು ನೋಡೀತೆಂಬ ಆತಂಕದಿಂದ. ಆದರೆ ಕಳೆದ ಇಪ್ಪತ್ತು ವರ್ಷಗಳಲ್ಲಿ ಕನ್ಸೋಲುಗಳು ಅಂತರಜಾಲಕ್ಕೆ ಸೇರಿಕೊಂಡ ಮೇಲೆ, ಆ ಕಡೆಯಿಂದ ಮಗುವಿನೊಡನೆ ಮಾತನಾಡುತ್ತಿರುವವರು ಯಾರು, ಆಟದೊಳಗಿನ ಅಂಗಡಿಯಲ್ಲಿ ಖರ್ಚಾಗುತ್ತಿರುವ ಹಣ ಯಾರದು ಎಂಬ ಪ್ರಶ್ನೆಗಳು ಚಿತ್ರದ ಪ್ರಶ್ನೆಗಿಂತ ಗುರುತರವಾಗಿ ನಿಂತಿವೆ. ದರ್ಜೆಯ ಶಾಸ್ತ್ರವು ಈ ಹೊಸ ಪ್ರಶ್ನೆಗಳನ್ನು ಇನ್ನೂ ಪೂರ್ಣವಾಗಿ ಅರಗಿಸಿಕೊಂಡಿಲ್ಲವೆಂಬುದೇ ಈ ವಿಷಯದಲ್ಲಿ ಮುಖ್ಯವಾಗಿ ಗಮನಿಸಬೇಕಾದ ಸಂಗತಿ.

ಆಟದ ಹಿಂಸೆಯನ್ನು ಕುರಿತ ಸಾರ್ವಜನಿಕ ಆಕ್ಷೇಪ ಕನ್ಸೋಲುಗಳು ಮನೆಮನೆಗೆ ಬರುವುದಕ್ಕಿಂತ ಹಳೆಯದು. 1976ರಲ್ಲಿ ಅಮೆರಿಕದ ಎಕ್ಸಿಡಿ ಕಂಪನಿಯು ಹೊರತಂದ ‘ಡೆತ್ ರೇಸ್’ ಎಂಬ ನಾಣ್ಯ ಹಾಕಿ ಆಡುವ ಆಟದಲ್ಲಿ, ಓಡಾಡುವ ಸಣ್ಣ ಆಕೃತಿಗಳ ಮೇಲೆ ಕಾರು ಹಾಯಿಸಿದರೆ ಅಂಕ ದೊರೆಯುತ್ತಿತ್ತು. ಅವು ಮನುಷ್ಯರಲ್ಲ, ಭೂತಗಳು ಎಂದು ತಯಾರಕರು ಸಮಾಧಾನ ಹೇಳಿದರೂ ಪತ್ರಿಕೆಗಳು ಒಪ್ಪಲಿಲ್ಲ. ಆದರೂ ಆ ಕಾಲದ ಚಿತ್ರಗಳು ಬಿಳಿಯ ಚುಕ್ಕೆಗಳಿಗಿಂತ ಹೆಚ್ಚಿನವಾಗಿರಲಿಲ್ಲವಾದ್ದರಿಂದ ವಿವಾದ ಬೇಗ ತಣ್ಣಗಾಯಿತು. ನಿಜವಾದ ನಟರ ಛಾಯಾಚಿತ್ರಗಳನ್ನೇ ಬಳಸಿ ಮಿಡ್‌ವೇ ಕಂಪನಿಯು 1992ರಲ್ಲಿ ರಚಿಸಿದ ‘ಮಾರ್ಟಲ್ ಕಾಂಬ್ಯಾಟ್’ ಎಂಬ ದ್ವಂದ್ವಯುದ್ಧದ ಆಟ ಬಂದಾಗ ಸಂಗತಿ ಬೇರೆಯಾಯಿತು. ಸೋತವನ ಹೃದಯವನ್ನು ಗೆದ್ದವನು ಕಿತ್ತು ತೆಗೆಯುವ ದೃಶ್ಯವುಳ್ಳ ಈ ಆಟವು 1993ರ ಸೆಪ್ಟೆಂಬರ್ 13ರಂದು ಮನೆಯ ಕನ್ಸೋಲುಗಳಿಗೆ ಬಿಡುಗಡೆಯಾಯಿತು. ನಿಂಟೆಂಡೊ ಕಂಪನಿಯು ತನ್ನ ಯಂತ್ರಕ್ಕೆ ಬರುವ ಪ್ರತಿಯಲ್ಲಿ ರಕ್ತವನ್ನು ಅಳಿಸಿ ಬೂದುಬಣ್ಣದ ಬೆವರನ್ನು ಇರಿಸಿತು. ಅದರ ಪ್ರತಿಸ್ಪರ್ಧಿಯಾದ ಸೇಗಾ ರಕ್ತವನ್ನು ಮರೆಸಿತೇ ಹೊರತು ತೆಗೆಯಲಿಲ್ಲ. ಗುಂಡಿಗಳನ್ನು ಒಂದು ಗೊತ್ತಾದ ಕ್ರಮದಲ್ಲಿ ಒತ್ತಿದರೆ ಅದು ಮರಳಿ ಬರುತ್ತಿತ್ತು, ಮತ್ತು ಆ ಕ್ರಮ ಶಾಲೆಯ ಹುಡುಗರೆಲ್ಲರ ಬಾಯಲ್ಲೂ ಇತ್ತು. ಸೇಗಾದ ಪ್ರತಿಯೇ ಹೆಚ್ಚು ಮಾರಾಟವಾಯಿತು. ಸ್ವಯಂ ಸಂಯಮ ತೋರಿದ ಕಂಪನಿ ಮಾರುಕಟ್ಟೆಯಲ್ಲಿ ಹಿಂದೆ ಬಿದ್ದದ್ದರಿಂದ, ಒಬ್ಬೊಬ್ಬರ ಸಂಯಮವನ್ನು ನಂಬಿ ಕೂರುವುದು ಸಾಲದು, ಎಲ್ಲರಿಗೂ ಸಮಾನವಾದ ಒಂದು ನಿಯಮ ಬೇಕೆಂಬ ಮಾತಿಗೆ ಬಲ ಬಂದಿತು.

ಅದೇ ವರ್ಷದ ಡಿಸೆಂಬರ್ 9ರಂದು ಅಮೆರಿಕದ ಸೆನೆಟ್ ಸದಸ್ಯರಾದ ಜೋಸೆಫ್ ಲೀಬರ್ಮನ್ ಮತ್ತು ಹರ್ಬ್ ಕೋಲ್ ಅವರು ವಿಚಾರಣೆ ನಡೆಸಿದರು. ಮಾರ್ಟಲ್ ಕಾಂಬ್ಯಾಟಿನ ಜೊತೆಗೆ ‘ನೈಟ್ ಟ್ರ್ಯಾಪ್’ ಎಂಬ, ಚಿತ್ರೀಕರಿಸಿದ ದೃಶ್ಯಗಳಿಂದ ಕೂಡಿದ ಇನ್ನೊಂದು ಆಟವನ್ನೂ ಸಭೆಯ ಮುಂದಿರಿಸಲಾಯಿತು. ನಿಂಟೆಂಡೊದ ಹೊವರ್ಡ್ ಲಿಂಕನ್ ಮತ್ತು ಸೇಗಾದ ಬಿಲ್ ವೈಟ್ ಒಬ್ಬರನ್ನೊಬ್ಬರು ಎದುರೆದುರೇ ದೂಷಿಸಿದರು. ನೈಟ್ ಟ್ರ್ಯಾಪ್ ನಿಂಟೆಂಡೊ ಯಂತ್ರದ ಮೇಲೆ ಎಂದಿಗೂ ಬರುವುದಿಲ್ಲವೆಂದು ಲಿಂಕನ್ ಘೋಷಿಸಿದರು. ಉದ್ಯಮವು ತಾನಾಗಿ ದರ್ಜೆಯ ವ್ಯವಸ್ಥೆಯೊಂದನ್ನು ಏರ್ಪಡಿಸಿಕೊಳ್ಳದಿದ್ದರೆ ಸರ್ಕಾರವೇ ಏರ್ಪಡಿಸತಕ್ಕದ್ದೆಂಬ ಮಸೂದೆಯೊಂದು 1994ರ ಆರಂಭದಲ್ಲಿ ಮಂಡಿತವಾಯಿತು. ಈ ಒತ್ತಡಕ್ಕೆ ಮಣಿದ ಕಂಪನಿಗಳು ಒಂದು ಸಂಘವನ್ನು ಕಟ್ಟಿಕೊಂಡು, ಆ ವರ್ಷದ ಸೆಪ್ಟೆಂಬರಿನಲ್ಲಿ ಇ.ಎಸ್.ಆರ್.ಬಿ. ಎಂಬ ದರ್ಜೆ ಮಂಡಳಿಯನ್ನು ಸ್ಥಾಪಿಸಿದವು. ಸೆನೆಟ್ ಸದಸ್ಯರನ್ನು ಅಷ್ಟು ಕೆರಳಿಸಿದ ಅದೇ ನೈಟ್ ಟ್ರ್ಯಾಪ್ ಇಪ್ಪತ್ತೈದು ವರ್ಷಗಳ ಸ್ಮರಣೆಯ ಆವೃತ್ತಿಯಾಗಿ ಮರಳಿ ಬಂದಾಗ, ಅದಕ್ಕೆ ದೊರೆತದ್ದು ಹದಿಮೂರು ವರ್ಷ ಮೇಲ್ಪಟ್ಟವರಿಗೆ ಯೋಗ್ಯವೆಂಬ ದರ್ಜೆ. 2018ರಲ್ಲಿ ಅದು ನಿಂಟೆಂಡೊದ ಸ್ವಿಚ್ ಯಂತ್ರದ ಮೇಲೂ ಬಂದಿತು. ದರ್ಜೆಯ ಅಳತೆಗೋಲು ಕಾಲದೊಡನೆ ಸರಿಯುತ್ತದೆಯೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಾಗಿಲ್ಲ.

ಅಮೆರಿಕದಲ್ಲಿ ಮಾರುವ ಆಟದ ಡಬ್ಬಿಯ ಮುಂಭಾಗದ ಕೆಳಮೂಲೆಯಲ್ಲಿ ಕಪ್ಪುಬಿಳುಪಿನ ಚಿಕ್ಕ ಚೌಕದೊಳಗೆ ದಪ್ಪನೆಯ ಒಂದು ಅಕ್ಷರ ಇರುತ್ತದೆ. ‘ಇ’ ಎಂದಿದ್ದರೆ ಎಲ್ಲರಿಗೂ ಯೋಗ್ಯ, ‘ಟಿ’ ಎಂದಿದ್ದರೆ ಹದಿಮೂರು ದಾಟಿದವರಿಗೆ, ‘ಎಂ’ ಎಂದಿದ್ದರೆ ಹದಿನೇಳು ದಾಟಿದವರಿಗೆ; ‘ಎಒ’ ಎಂಬ ಜೋಡಿ ಅಕ್ಷರವು ವಯಸ್ಕರಿಗೆ ಮಾತ್ರ ಎಂದು ಹೇಳುವುದು. ಹತ್ತು ವರ್ಷ ಮೇಲ್ಪಟ್ಟವರ ದರ್ಜೆಯನ್ನು 2005ರಲ್ಲಿ ಸೇರಿಸಲಾಯಿತು. ಡಬ್ಬಿಯನ್ನು ತಿರುಗಿಸಿ ಹಿಂಭಾಗವನ್ನು ನೋಡಿದರೆ ಅದೇ ಅಕ್ಷರದ ಪಕ್ಕದಲ್ಲಿ ರಕ್ತ, ಒರಟು ಭಾಷೆ, ಮದ್ಯದ ಉಲ್ಲೇಖ ಎಂಬಿತ್ಯಾದಿ ಕಾರಣಗಳ ಪಟ್ಟಿ ಕಾಣುವುದು. ಅವಸರದಲ್ಲಿ ಕೊಳ್ಳುವ ತಂದೆತಾಯಿಗಳು ಮುಂಭಾಗದ ಅಕ್ಷರವನ್ನು ನೋಡಿ ತೃಪ್ತರಾಗುವರಾದರೂ, ತಮ್ಮ ಮಗುವಿಗೆ ಯಾವುದು ಸಲ್ಲುವುದಿಲ್ಲವೆಂಬುದನ್ನು ತಿಳಿಯಲು ಉಪಯುಕ್ತವಾದದ್ದು ಹಿಂಭಾಗದ ಈ ಪಟ್ಟಿಯೇ. ಕತ್ತಲೆಗೆ ಹೆದರುವ ಮಗುವಿಗೂ ಕೇಳಿದ ಮಾತನ್ನು ಕೂಡಲೇ ಕಲಿಯುವ ಮಗುವಿಗೂ ಒಂದೇ ಅಕ್ಷರ ಒಂದೇ ಉತ್ತರವನ್ನು ಕೊಡಲಾರದು.

ದರ್ಜೆ ಕೊಡುವವರು ಆಟವನ್ನು ಆದ್ಯಂತ ಆಡಿ ನೋಡುವರೆಂಬ ಭಾವನೆ ಸಾಮಾನ್ಯವಾಗಿ ಇದೆ, ಅದು ಸರಿಯಲ್ಲ. ಐವತ್ತು, ನೂರು ಗಂಟೆ ಹಿಡಿಯುವ ಆಟಗಳನ್ನು ಹಾಗೆ ಪರೀಕ್ಷಿಸುವುದು ದುಸ್ಸಾಧ್ಯ. ಪ್ರಕಾಶಕರು ವಿವರವಾದ ಪ್ರಶ್ನಾವಳಿಯೊಂದನ್ನು ತುಂಬಿ, ಆಟದಲ್ಲಿ ಅತ್ಯಂತ ತೀವ್ರವಾದ ದೃಶ್ಯಗಳೆಲ್ಲವನ್ನೂ ಒಳಗೊಂಡ ಚಿತ್ರಮುದ್ರಿಕೆಯನ್ನು ಮಂಡಳಿಗೆ ಒಪ್ಪಿಸುವರು. ಕಡಮೆಯೆಂದರೆ ಮೂವರು ಪರೀಕ್ಷಕರು ಅದನ್ನು ನೋಡಿ ಅಭಿಪ್ರಾಯ ಕೊಡುವರು. ಹೀಗೆ ಇಡೀ ಪದ್ಧತಿಯು ಪ್ರಕಾಶಕರ ಪ್ರಾಮಾಣಿಕತೆಯ ಮೇಲೆ ನಿಂತಿರುವುದರಿಂದ, ಮುಚ್ಚಿಟ್ಟವರಿಗೆ ಹತ್ತು ಲಕ್ಷ ಡಾಲರುಗಳವರೆಗೂ ದಂಡ ವಿಧಿಸುವ ಅಧಿಕಾರವನ್ನು ಮಂಡಳಿ ಇರಿಸಿಕೊಂಡಿದೆ. ಈ ಪದ್ಧತಿಯ ದುರ್ಬಲ ಸ್ಥಾನ ಯಾವುದೆಂಬುದು 2005ರಲ್ಲಿ ಲೋಕಕ್ಕೆ ತಿಳಿಯಿತು. ‘ಗ್ರ್ಯಾಂಡ್ ತೆಫ್ಟ್ ಆಟೊ: ಸ್ಯಾನ್ ಆಂಡ್ರಿಯಾಸ್’ ಎಂಬ ಆಟದ ತಟ್ಟೆಯಲ್ಲಿ, ಎಂದರೆ ಡಿಸ್ಕಿನಲ್ಲಿ, ರಚಿಸಿ ಆಮೇಲೆ ಬೇಡವೆಂದು ಮುಚ್ಚಿಟ್ಟಿದ್ದ ಲೈಂಗಿಕ ದೃಶ್ಯವೊಂದು ಉಳಿದುಕೊಂಡಿದ್ದು, ನೆದರ್ಲೆಂಡ್ಸಿನ ಹವ್ಯಾಸಿಯೊಬ್ಬ ಬರೆದ ತಂತ್ರಾಂಶದ ತುಣುಕಿನಿಂದ ಅದು ತೆರೆದುಕೊಂಡಿತು. ಮಂಡಳಿಯು ಜುಲೈ ತಿಂಗಳಲ್ಲಿ ಆಟವನ್ನು ‘ಎಂ’ ದರ್ಜೆಯಿಂದ ‘ಎಒ’ಗೆ ಏರಿಸಿತು, ದೊಡ್ಡ ಅಂಗಡಿಗಳು ಅದನ್ನು ಕೂಡಲೇ ಕಪಾಟಿನಿಂದ ತೆಗೆದವು. ಅಂದಿನಿಂದ, ಆಡುವವನಿಗೆ ಸಹಜವಾಗಿ ಕಾಣದಿದ್ದರೂ ತಟ್ಟೆಯಲ್ಲಿ ಇರುವುದೆಲ್ಲವನ್ನೂ ತಿಳಿಸತಕ್ಕದ್ದೆಂಬ ನಿಯಮ ಬಂದಿದೆ.

ಒಂದು ಅಕ್ಷರ ಬದಲಾದ ಮಾತ್ರಕ್ಕೆ ಮಾರುಕಟ್ಟೆಯಿಂದಲೇ ಆಟ ಮಾಯವಾದದ್ದೇಕೆ? ಅಮೆರಿಕದಲ್ಲಿ ದರ್ಜೆಯು ಕಾನೂನಲ್ಲ, ಖಾಸಗಿ ಒಡಂಬಡಿಕೆ. ಆದರೆ ದರ್ಜೆಯಿಲ್ಲದ ಆಟವನ್ನು ಸೋನಿ, ಮೈಕ್ರೋಸಾಫ್ಟ್, ನಿಂಟೆಂಡೊ ಮೂವರೂ ತಮ್ಮ ಕನ್ಸೋಲಿಗೆ ಸೇರಿಸುವುದಿಲ್ಲ. ‘ಎಒ’ ದರ್ಜೆಯದಕ್ಕೆ ಪರವಾನಗಿಯನ್ನೂ ಕೊಡುವುದಿಲ್ಲ. ಯಾರು ಬೇಕಾದರೂ ತಂತ್ರಾಂಶ ಹಾಕಬಹುದಾದ ಮನೆಯ ಕಂಪ್ಯೂಟರಿಗೆ ಇಂಥ ದ್ವಾರಪಾಲಕರಿಲ್ಲ. ಶಾಸನದ ದಾರಿ ಹಿಡಿದವರಿಗೆ ಅಮೆರಿಕದಲ್ಲಿ ಯಶಸ್ಸು ಸಿಗಲಿಲ್ಲ. ಅತಿಹಿಂಸೆಯ ಆಟಗಳನ್ನು ಹದಿನೆಂಟರೊಳಗಿನವರಿಗೆ ಮಾರಿದರೆ ಸಾವಿರ ಡಾಲರುಗಳವರೆಗೆ ದಂಡವೆಂದು ಕ್ಯಾಲಿಫೋರ್ನಿಯ ರಾಜ್ಯವು 2005ರಲ್ಲಿ ಮಾಡಿದ ಕಾಯಿದೆಯನ್ನು ಸುಪ್ರೀಂ ಕೋರ್ಟು 2011ರ ಜೂನ್ 27ರಂದು ಏಳಕ್ಕೆ ಎರಡು ಮತಗಳಿಂದ ತಳ್ಳಿಹಾಕಿತು. ಗ್ರಂಥಗಳಿಗೂ ನಾಟಕಗಳಿಗೂ ಇರುವ ವಾಕ್‌ಸ್ವಾತಂತ್ರ್ಯದ ರಕ್ಷಣೆ ವಿಡಿಯೋ ಗೇಮುಗಳಿಗೂ ಸಲ್ಲತಕ್ಕದ್ದೆಂದು ನ್ಯಾಯಮೂರ್ತಿ ಆಂಟನಿನ್ ಸ್ಕಲಿಯ ತೀರ್ಪು ಬರೆದರು. ಕಾನೂನಿನ ಬಲವಿಲ್ಲದಿದ್ದರೂ ಅಂಗಡಿಗಳು ಶಿಸ್ತನ್ನು ಕಲಿತವೆಂಬುದೂ ನಿಜವೇ. ಅಮೆರಿಕ ಸರ್ಕಾರದ ಫೆಡರಲ್ ಟ್ರೇಡ್ ಕಮಿಷನ್ ಎಂಬ ಸಂಸ್ಥೆಯು ಅಪ್ರಾಪ್ತವಯಸ್ಕರನ್ನು ಗಿರಾಕಿಗಳಾಗಿ ಕಳಿಸಿ ಪರೀಕ್ಷಿಸಿದಾಗ, 2000ದಲ್ಲಿ ಶೇಕಡ 85 ಮಂದಿಗೆ ‘ಎಂ’ ದರ್ಜೆಯ ಆಟ ಸಿಕ್ಕಿತ್ತು. 2011ರ ವೇಳೆಗೆ ಅದು ಶೇಕಡ 13ಕ್ಕೆ ಇಳಿದಿತ್ತು. ಈಗ ಆಟಗಳು ಅಂಗಡಿಯ ತಟ್ಟೆಯಾಗಿ ಬರುವುದಕ್ಕಿಂತ ಅಂತರಜಾಲದಿಂದ ನೇರವಾಗಿ ಇಳಿದುಬರುವುದೇ ಹೆಚ್ಚಾಗಿರುವುದರಿಂದ, ಅಂದು ಗುಮಾಸ್ತನು ಕೌಂಟರಿನಲ್ಲಿ ನಿಂತು ಕೇಳುತ್ತಿದ್ದ ಪ್ರಶ್ನೆಯನ್ನು ಇಂದು ಯಂತ್ರವೇ ಕೇಳಬೇಕಾಗಿದೆ.

ಯೂರೋಪಿನಲ್ಲಿ 2003ರಲ್ಲಿ ಬಳಕೆಗೆ ಬಂದ ‘ಪೆಗಿ’ ಪದ್ಧತಿಯು ಅಕ್ಷರಗಳನ್ನು ಬಿಟ್ಟು ನೇರವಾಗಿ ವಯಸ್ಸನ್ನೇ ಹೇಳುವುದು: 3 ಮತ್ತು 7 ಹಸಿರು ಚೌಕದಲ್ಲಿ, 12 ಮತ್ತು 16 ಕಿತ್ತಳೆ ಬಣ್ಣದಲ್ಲಿ, 18 ಕೆಂಪಿನಲ್ಲಿ. ಅನೇಕ ಭಾಷೆಗಳ ಖಂಡವಾದ್ದರಿಂದ ಕಾರಣಗಳನ್ನೂ ಚಿತ್ರದಲ್ಲಿಯೇ ಸೂಚಿಸುವರು: ಹಿಂಸೆಗೆ ಮುಷ್ಟಿ, ಭಯಕ್ಕೆ ಜೇಡ, ಜೂಜಿಗೆ ದಾಳ. ಕಾಲ್ಪನಿಕ ಜೀವಿಗಳ ಮೇಲಣ ಹೊಡೆದಾಟ ಹನ್ನೆರಡಕ್ಕೆ ಸಲ್ಲುವುದು. ನಿಜಜೀವನದಂತೆಯೇ ಕಾಣುವ ಹಿಂಸೆಗೆ ಹದಿನಾರು. ಕಾರಣವಿಲ್ಲದ ಕೊಲೆಗೆ, ನಿರಾಯುಧರ ಮೇಲಣ ಕ್ರೌರ್ಯಕ್ಕೆ ಹದಿನೆಂಟು. ಬ್ರಿಟನ್ನು 2012ರ ಜುಲೈಯಿಂದ ಇದಕ್ಕೆ ಶಾಸನದ ಬಲವನ್ನು ಕೊಟ್ಟಿದೆ. ಜರ್ಮನಿಯು ಪೆಗಿಯನ್ನು ಅಂಗೀಕರಿಸದೆ 1994ರಲ್ಲಿ ಸ್ಥಾಪಿಸಿಕೊಂಡ ತನ್ನದೇ ಆದ ಯು.ಎಸ್.ಕೆ. ಸಂಸ್ಥೆಯನ್ನು ಉಳಿಸಿಕೊಂಡಿದೆ, ಅದರ ದರ್ಜೆ 2003ರಿಂದ ಕಾನೂನಿನಂತೆ ಬಂಧಕ. ನಾಟ್ಸಿ ಚಿಹ್ನೆಗಳಿದ್ದ ಆಟಗಳನ್ನು ಆ ಸಂಸ್ಥೆ ಬಹುಕಾಲ ತಿರಸ್ಕರಿಸುತ್ತಿದ್ದು, 2018ರಿಂದ ಈಚೆಗೆ ಕಲೆ ಮತ್ತು ಇತಿಹಾಸದ ದೃಷ್ಟಿಯಿಂದ ಒಂದೊಂದನ್ನೂ ಪ್ರತ್ಯೇಕವಾಗಿ ಪರಿಶೀಲಿಸುತ್ತಿದೆ. ಜಪಾನಿನಲ್ಲಿ 2002ರಿಂದ ಸೆರೊ ಎಂಬ ಸಂಸ್ಥೆ ಈ ಕೆಲಸ ಮಾಡುತ್ತಿದೆ. ಆಸ್ಟ್ರೇಲಿಯದಲ್ಲಿ ವಯಸ್ಕರ ಆಟಗಳಿಗೆ ದರ್ಜೆಯೇ ಇಲ್ಲದೆ ಅಂಥವೆಲ್ಲ ನಿಷಿದ್ಧವಾಗಿದ್ದ ಸ್ಥಿತಿಯು 2013ರ ಜನವರಿ 1ರಂದು ಕೊನೆಗೊಂಡಿತು. ಅದೇ ವರ್ಷ ಹಲವು ದೇಶಗಳ ಮಂಡಳಿಗಳು ಸೇರಿ ಐ.ಎ.ಆರ್.ಸಿ. ಎಂಬ ಒಕ್ಕೂಟವನ್ನು ಮಾಡಿಕೊಂಡವು. ಅಂತರಜಾಲದ ಅಂಗಡಿಗಳಿಗೆ ಬರುವ ಅಸಂಖ್ಯ ಸಣ್ಣ ಆಟಗಳ ತಯಾರಕರು ಒಂದೇ ಪ್ರಶ್ನಾವಳಿಗೆ ಉತ್ತರಿಸಿದರೆ, ಆಯಾ ದೇಶದ ದರ್ಜೆ ತಾನಾಗಿ ಸಿದ್ಧವಾಗುವುದು.

ಇನ್ನು ಪೋಷಕ ನಿಯಂತ್ರಣದ, ಎಂದರೆ ಬೀಗದ, ವಿಚಾರ. ಡಿವಿಡಿಯನ್ನು ಓದಬಲ್ಲ ಮೊದಲ ಕನ್ಸೋಲುಗಳಲ್ಲಿ ಚಲನಚಿತ್ರಗಳನ್ನು ತಡೆಯುವ ವ್ಯವಸ್ಥೆಯಷ್ಟೇ ಪ್ರಧಾನವಾಗಿತ್ತು. ಆಟದ ದರ್ಜೆಯನ್ನು ಯಂತ್ರ ಓದಿ ತಡೆಯುವ ಕ್ರಮವು 2005ರ ಎಕ್ಸ್‌ಬಾಕ್ಸ್ 360, 2006ರ ಪ್ಲೇಸ್ಟೇಷನ್ 3 ಮತ್ತು ವೀ ಯಂತ್ರಗಳ ಕಾಲಕ್ಕೆ ಸರ್ವಸಾಮಾನ್ಯವಾಯಿತು. ಎಕ್ಸ್‌ಬಾಕ್ಸ್ 2007ರ ಕೊನೆಗೆ ದಿನಕ್ಕೆ ಅಥವಾ ವಾರಕ್ಕೆ ಇಷ್ಟೇ ಹೊತ್ತೆಂದು ಕಟ್ಟುಮಾಡುವ ಗಡಿಯಾರವನ್ನೂ ಸೇರಿಸಿತು. ಆದರೆ ಈ ಬೀಗಗಳು ಬಳಸುವವರ ದೃಷ್ಟಿಯಿಂದ ಕ್ಲಿಷ್ಟವಾಗಿದ್ದವು. ಪ್ಲೇಸ್ಟೇಷನ್ 3ರಲ್ಲಿ ತಡೆಯ ಮಟ್ಟಗಳು 1ರಿಂದ 11ರವರೆಗೆ ಇದ್ದು, ಡಬ್ಬಿಯ ಮೇಲೆ ಮುದ್ರಿತವಾದ ವಯಸ್ಸಿಗೂ ತೆರೆಯ ಮೇಲಿನ ಅಂಕೆಗೂ ಸಂಬಂಧ ಮೇಲುನೋಟಕ್ಕೆ ತಿಳಿಯುತ್ತಿರಲಿಲ್ಲ. ಬೀಗದ ಸಂಕೇತವು ಕಾರ್ಖಾನೆಯಿಂದ ಬರುವಾಗಲೇ 0000 ಎಂದಿದ್ದು, ತಂದೆತಾಯಿಗಳು ಬದಲಾಯಿಸದೆ ಬಿಟ್ಟರೆ ಮಗುವಿಗೆ ಮೊದಲ ಊಹೆಯಲ್ಲೇ ಸಿಕ್ಕಿಬಿಡುತ್ತಿತ್ತು.

ಈ ಕೊರತೆಯನ್ನು ನೀಗಿಸುವಲ್ಲಿ ದೊಡ್ಡ ಹೆಜ್ಜೆಯಿಟ್ಟದ್ದು 2017ರ ಮಾರ್ಚಿನಲ್ಲಿ ಬಂದ ನಿಂಟೆಂಡೊ ಸ್ವಿಚ್. ಅದರ ನಿಯಂತ್ರಣವು ಕನ್ಸೋಲಿನ ಸೆಟ್ಟಿಂಗ್ಸ್ ಪಟ್ಟಿಗಳ ಆಳದಲ್ಲಿ ಹುದುಗಿರದೆ ತಾಯಿಯ ಅಥವಾ ತಂದೆಯ ಮೊಬೈಲ್ ಫೋನಿನ ಆ್ಯಪಿಗೆ ಬಂದಿತು. ಸೋಮವಾರ ಒಂದು ಗಂಟೆ, ಭಾನುವಾರ ಎರಡು ಗಂಟೆ ಎಂದು ದಿನದಿನಕ್ಕೆ ಬೇರೆಯಾಗಿ ಗೊತ್ತುಮಾಡಬಹುದು. ಹೊತ್ತು ಮುಗಿದಾಗ ತೆರೆಯ ಮೂಲೆಯಲ್ಲಿ ಎಚ್ಚರಿಕೆಯ ಗುರುತು ಮೂಡುವುದು, ಆಟ ಮಾತ್ರ ನಿಲ್ಲದು. ನಿಲ್ಲಲೇಬೇಕೆಂದು ಬಯಸುವವರಿಗೆ ಪ್ರತ್ಯೇಕವಾದ ಇನ್ನೊಂದು ಗುಂಡಿಯನ್ನು ಇಟ್ಟಿದ್ದಾರೆ. ಹೇಳಿ ಬಿಡಿಸುವುದು ಮೊದಲು, ತಡೆದು ನಿಲ್ಲಿಸುವುದು ಆಮೇಲೆ ಎಂಬ ಈ ಕ್ರಮದಲ್ಲಿ ಮಕ್ಕಳ ಮನಸ್ಸನ್ನು ಬಲ್ಲವರ ವಿವೇಕವಿದೆಯೆಂದು ಹೇಳಬೇಕು. ಏಕೆಂದರೆ ಗೆಲ್ಲುವ ಘಳಿಗೆಯಲ್ಲಿ ಥಟ್ಟನೆ ಕಪ್ಪಾದ ತೆರೆಯು ಮಗುವಿನಲ್ಲಿ ನಿಯಮದ ಮೇಲೆ ಗೌರವಕ್ಕಿಂತ ರೋಷವನ್ನೇ ಹುಟ್ಟಿಸುವ ಸಂಭವ ಹೆಚ್ಚು. ಯಾವ ಆಟವನ್ನು ಎಷ್ಟು ಹೊತ್ತು ಆಡಿತೆಂಬ ವರದಿಯೂ ಫೋನಿಗೆ ಬರುವುದರಿಂದ, ಅಡುಗೆಮನೆಯಲ್ಲೋ ಕಚೇರಿಯಲ್ಲೋ ಇರುವ ತಾಯಿಗೆ ರಾತ್ರಿ ಊಟದ ಹೊತ್ತಿಗೆ ಮಗುವಿನೊಡನೆ ಮಾತೆತ್ತಲು ಒಂದು ವಿಷಯವೂ ಸಿಗುವುದು. ಆದರೆ ಸ್ವಿಚ್ಚಿನ ಈ ನಿಯಮಗಳು ಇಡೀ ಯಂತ್ರಕ್ಕೆ ಅನ್ವಯಿಸುವವೇ ಹೊರತು ಆಡುವ ಒಬ್ಬೊಬ್ಬರಿಗೂ ಬೇರೆಯಾಗಿ ಅಲ್ಲ. ಹದಿನೈದರ ಅಕ್ಕನೂ ಆರರ ತಮ್ಮನೂ ಒಂದೇ ಯಂತ್ರವನ್ನು ಹಂಚಿಕೊಳ್ಳುವ ಮನೆಯಲ್ಲಿ ಇದರಿಂದ ತೊಡಕಾಗುವುದು ಸಹಜ. ಎಕ್ಸ್‌ಬಾಕ್ಸ್ ಮತ್ತು ಪ್ಲೇಸ್ಟೇಷನ್ನುಗಳಲ್ಲಿ ಪ್ರತಿಯೊಂದು ಮಗುವಿಗೂ ಸ್ವಂತ ಖಾತೆಯಿದ್ದು ನಿಯಮಗಳು ಆ ಖಾತೆಗೆ ಅಂಟಿಕೊಂಡಿರುತ್ತವೆ. ಎಕ್ಸ್‌ಬಾಕ್ಸಿನ ಕುಟುಂಬ ಆ್ಯಪ್ 2020ರಲ್ಲಿ ಬಂದಿತು. ಇನ್ನಷ್ಟು ಹೊತ್ತು ಬೇಕೆಂದು ಮಗು ಕೇಳಿದರೆ ಆ ಕೋರಿಕೆ ಪೋಷಕರ ಫೋನಿಗೆ ಬಂದು ನಿಲ್ಲುವುದು. ಸೋನಿಯು ಇಂಥದೇ ಆ್ಯಪನ್ನು 2025ರಲ್ಲಿ ಹೊರತಂದಿತು.

ಇಷ್ಟೆಲ್ಲ ಇದ್ದರೂ ದರ್ಜೆಯ ಅಕ್ಷರಕ್ಕೆ ನಿಲುಕದ ಅಪಾಯಗಳೆರಡು. ಆಟದೊಳಗೆ ಅಪರಿಚಿತರೊಡನೆ ನಡೆಯುವ ಮಾತುಕತೆ ಒಂದು: ಎಲ್ಲರಿಗೂ ಯೋಗ್ಯವೆಂದು ಸಾರಿದ ಆಟದಲ್ಲಿಯೂ ಆ ಕಡೆಯ ಆಟಗಾರ ಏನು ಹೇಳುವನೆಂಬುದನ್ನು ಯಾವ ಪರೀಕ್ಷಕರೂ ಮುಂದಾಗಿ ನೋಡಿ ಮುದ್ರೆಯೊತ್ತಲಾರರು; ಬಳಕೆದಾರರ ನಡುವೆ ಸಂಪರ್ಕವಿದೆಯೆಂಬ ಸೂಚನೆಯೊಂದನ್ನು ಮಾತ್ರ ಮಂಡಳಿ ಸೇರಿಸಬಲ್ಲದು. ಇಲ್ಲಿ ನಿರ್ಣಾಯಕವಾಗುವುದು, ಯಾರೂ ಏನನ್ನೂ ಬದಲಾಯಿಸದಿದ್ದರೆ ಯಂತ್ರ ಹೇಗೆ ನಡೆದುಕೊಳ್ಳುತ್ತದೆ ಎಂಬ ಸಂಗತಿ. ‘ಫೋರ್ಟ್‌ನೈಟ್’ ಆಟದ ತಯಾರಕರಾದ ಎಪಿಕ್ ಗೇಮ್ಸ್ ಮಕ್ಕಳಿಗೂ ಧ್ವನಿ ಮತ್ತು ಅಕ್ಷರ ಸಂಭಾಷಣೆಯನ್ನು ಮೊದಲಿನಿಂದಲೇ ತೆರೆದಿಟ್ಟಿತ್ತೆಂದೂ ಪೋಷಕರ ಅನುಮತಿಯಿಲ್ಲದೆ ಮಕ್ಕಳ ಮಾಹಿತಿಯನ್ನು ಸಂಗ್ರಹಿಸಿತೆಂದೂ ಫೆಡರಲ್ ಟ್ರೇಡ್ ಕಮಿಷನ್ ಆರೋಪಿಸಿದ ಪ್ರಕರಣವು 2022ರ ಡಿಸೆಂಬರಿನಲ್ಲಿ 27.5 ಕೋಟಿ ಡಾಲರು ದಂಡದಿಂದ ಇತ್ಯರ್ಥವಾಯಿತು. ಬಯಸದ ಖರೀದಿಗಳಿಗೆ ಆಡುವವರನ್ನು ತಂತ್ರದಿಂದ ಎಳೆಯಿತೆಂಬ ಇನ್ನೊಂದು ಆರೋಪಕ್ಕಾಗಿ ಮತ್ತೆ 24.5 ಕೋಟಿ ಡಾಲರನ್ನು ಗ್ರಾಹಕರಿಗೆ ಹಿಂದಿರುಗಿಸಲು ಕಂಪನಿ ಒಪ್ಪಿತು. ಮಕ್ಕಳ ಮಾಹಿತಿಯ ವಿಷಯದಲ್ಲಿಯೇ ಮೈಕ್ರೋಸಾಫ್ಟು 2023ರಲ್ಲಿ ಎಕ್ಸ್‌ಬಾಕ್ಸ್ ಸಂಬಂಧವಾಗಿ 2 ಕೋಟಿ ಡಾಲರು ತೆತ್ತಿತು. 2025ರ ಜೂನಿನಲ್ಲಿ ಬಂದ ಸ್ವಿಚ್ 2 ಯಂತ್ರದಲ್ಲಿ ಹದಿನಾರರೊಳಗಿನವರು ಆಡುತ್ತ ಮಾತನಾಡುವ ಗೇಮ್‌ಚ್ಯಾಟ್ ಸೌಲಭ್ಯವನ್ನು ಬಳಸಬೇಕಾದರೆ ಪೋಷಕರು ಆ್ಯಪಿನ ಮೂಲಕ ಒಪ್ಪಿಗೆ ಕೊಡಲೇಬೇಕು. ಮುಚ್ಚಿದ ಸ್ಥಿತಿಯಿಂದ ಆರಂಭಿಸಿ ಬೇಕಾದವರು ತೆರೆದುಕೊಳ್ಳುವ ಈ ಕ್ರಮವೇ ಎಲ್ಲ ಯಂತ್ರಗಳಲ್ಲೂ ಇರತಕ್ಕದ್ದು.

ಎರಡನೆಯ ಅಪಾಯ ಹಣದ್ದು. ಒಳಗೇನಿದೆಯೆಂದು ತಿಳಿಯದ ಪೆಟ್ಟಿಗೆಯನ್ನು ಕಾಸು ಕೊಟ್ಟು ಕೊಂಡು ಅದೃಷ್ಟವನ್ನು ನೋಡುವ ‘ಲೂಟ್ ಬಾಕ್ಸ್’ ಪದ್ಧತಿಯನ್ನು ಬೆಲ್ಜಿಯಂ 2018ರಲ್ಲಿ ಜೂಜೆಂದೇ ಪರಿಗಣಿಸಿತು. ಅಮೆರಿಕದ ಮಂಡಳಿಯು ಅದೇ ವರ್ಷ ಆಟದೊಳಗಿನ ಖರೀದಿಯನ್ನೂ, 2020ರಲ್ಲಿ ಅದೃಷ್ಟದ ಪೆಟ್ಟಿಗೆಯನ್ನೂ ಸೂಚಿಸುವ ಮಾತನ್ನು ಡಬ್ಬಿಯ ಮೇಲೆ ಸೇರಿಸಿತು; ಆದರೆ ಅದರಿಂದ ದರ್ಜೆಯ ಅಕ್ಷರ ಏರುವುದಿಲ್ಲ. ಇದಕ್ಕೆ ವಿರುದ್ಧವಾಗಿ ಆಸ್ಟ್ರೇಲಿಯವು 2024ರ ಸೆಪ್ಟೆಂಬರಿನಿಂದ ಇಂಥ ಆಟಗಳಿಗೆ ಕನಿಷ್ಠ ದರ್ಜೆಯನ್ನೇ ಕಡ್ಡಾಯ ಮಾಡಿದೆ. ಅಳತೆಗೋಲು ಎಷ್ಟು ಅಡ್ಡಾದಿಡ್ಡಿಯಾಗಬಲ್ಲುದೆಂಬುದನ್ನು ‘ಬಲಾಟ್ರೊ’ ಎಂಬ ಇಸ್ಪೀಟಿನ ಆಟ ತೋರಿಸಿತು: ಅದರಲ್ಲಿ ಪಣವಾಗಲಿ ನಿಜವಾದ ಹಣವಾಗಲಿ ಇಲ್ಲದಿದ್ದರೂ ಪೋಕರ್ ಆಟದ ಎಲೆಗಳ ಜೋಡಣೆಯನ್ನು ಕಲಿಸುತ್ತದೆಂಬ ಕಾರಣದಿಂದ ಪೆಗಿಯು 18ರ ಕೆಂಪು ಚೌಕವನ್ನು ಕೊಟ್ಟಿತು, ನಿಜವಾದ ಹಣದಿಂದ ಅದೃಷ್ಟದ ಪೊಟ್ಟಣಗಳನ್ನು ಮಾರುವ ಫುಟ್‌ಬಾಲ್ ಆಟಕ್ಕೆ 3ರ ಹಸಿರು ಚೌಕವಿತ್ತು. ಮೇಲ್ಮನವಿಯಾದ ಮೇಲೆ 2025ರ ಫೆಬ್ರವರಿಯಲ್ಲಿ ಬಲಾಟ್ರೊ 12ಕ್ಕೆ ಇಳಿಯಿತು. ಚಿತ್ರವನ್ನು ನೋಡಿ ವ್ಯವಹಾರವನ್ನು ನೋಡದ ಪರೀಕ್ಷೆಯ ಫಲವಿದು. ಕೆಲವು ಕನ್ಸೋಲುಗಳಲ್ಲಿ ಮಗುವಿನ ಖಾತೆಗೆ ತಿಂಗಳ ಖರ್ಚಿನ ಮಿತಿಯನ್ನು ಹಾಕುವ ಅವಕಾಶವುಂಟು; ಅದು ದರ್ಜೆಗಿಂತ ಹೆಚ್ಚು ಉಪಕಾರಿ.

ಪೋಷಕರ ಸ್ಥಾನದಲ್ಲಿ ರಾಜ್ಯವೇ ನಿಂತ ದೇಶಗಳೂ ಇವೆ. ದಕ್ಷಿಣ ಕೊರಿಯವು 2011ರಲ್ಲಿ ಹದಿನಾರರೊಳಗಿನವರಿಗೆ ಮಧ್ಯರಾತ್ರಿಯಿಂದ ಬೆಳಗಿನ ಆರರವರೆಗೆ ಅಂತರಜಾಲದ ಆಟವನ್ನು ನಿಷೇಧಿಸಿ, ಹತ್ತು ವರ್ಷಗಳ ಅನುಭವದ ಮೇಲೆ 2022ರ ಆರಂಭದಿಂದ ಅದನ್ನು ರದ್ದುಮಾಡಿತು. ಚೀನಾ 2021ರಲ್ಲಿ ಹದಿನೆಂಟರೊಳಗಿನವರಿಗೆ ಶುಕ್ರವಾರ, ಶನಿವಾರ, ಭಾನುವಾರ ಮತ್ತು ರಜಾದಿನಗಳಂದು ರಾತ್ರಿ ಎಂಟರಿಂದ ಒಂಬತ್ತರವರೆಗೆ ಮಾತ್ರ ಎಂದು ಗೊತ್ತುಮಾಡಿದೆ. ಜಪಾನಿನ ಕಗಾವ ಪ್ರಾಂತವು 2020ರಲ್ಲಿ ದಿನಕ್ಕೆ ಅರವತ್ತು ನಿಮಿಷ, ರಜಾದಿನ ತೊಂಬತ್ತು ನಿಮಿಷ ಎಂದು ದಂಡವಿಲ್ಲದ ಕಟ್ಟಳೆಯನ್ನು ಮಾಡಿತು.

ಭಾರತದಲ್ಲಿ ಚಲನಚಿತ್ರಗಳಿಗೆ 2023ರ ತಿದ್ದುಪಡಿಯಿಂದ ಯು/ಎ ದರ್ಜೆಯೊಳಗೇ 7, 13, 16 ಎಂಬ ಮೂರು ವಯೋಮಿತಿಗಳು ಬಂದಿವೆ. ಆಟಗಳಿಗೆ ಅಂಥ ಶಾಸನಬದ್ಧ ಮಂಡಳಿಯಿಲ್ಲ. 2025ರ ಆನ್‌ಲೈನ್ ಗೇಮಿಂಗ್ ಕಾಯಿದೆಯ ಮುಖ್ಯ ಲಕ್ಷ್ಯ ಹಣವಿಟ್ಟು ಆಡುವ ಆಟಗಳ ನಿಷೇಧ. ಆದ್ದರಿಂದ ನಮ್ಮ ಅಂಗಡಿಗಳಲ್ಲಿ ಸಿಗುವ ತಟ್ಟೆಗಳ ಮೇಲೆ ಅನೇಕ ವೇಳೆ ಕಾಣುವುದು ಯೂರೋಪಿನ ಪೆಗಿ ಗುರುತೇ; ಅನೇಕ ಮೊಬೈಲ್ ಆಟಗಳಿಗೆ ಐ.ಎ.ಆರ್.ಸಿ. ದರ್ಜೆ. ಕನ್ಸೋಲುಗಳ ಭಾಷಾಪಟ್ಟಿಯಲ್ಲಿ ಕನ್ನಡವಿಲ್ಲವಾದ್ದರಿಂದ, ಇಂಗ್ಲಿಷು ಬಾರದ ಅಜ್ಜ ಅಜ್ಜಿಯರು ಶಾಲೆಯಿಂದ ಬಂದ ಮೊಮ್ಮಕ್ಕಳನ್ನು ನೋಡಿಕೊಳ್ಳುವ ಮನೆಗಳಲ್ಲಿ ನಿಯಂತ್ರಣದ ಕೀಲಿ ಅವರ ಕೈಗೆ ಸಿಗುವುದು ಕಷ್ಟ. ಪೆಗಿಯ ಅಂಕೆಯನ್ನೂ ಚಿತ್ರವನ್ನೂ ಮಾತ್ರ ಅವರು ಓದಬಲ್ಲರು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ಹದಿನೆಂಟು ತುಂಬದವರೆಲ್ಲರ ಮಾಹಿತಿಯನ್ನು ಬಳಸುವ ಮುನ್ನ ಪೋಷಕರ ಒಪ್ಪಿಗೆಯನ್ನು ಪರೀಕ್ಷಿಸಿ ಪಡೆಯತಕ್ಕದ್ದೆಂದು ವಿಧಿಸಿದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ ಹಂತಹಂತವಾಗಿ ಜಾರಿಗೆ ಬರುತ್ತಿವೆ. ಸದ್ಯಕ್ಕೆ ಹೊಸ ಖಾತೆ ತೆರೆಯುವಾಗ ಯಂತ್ರವು ಕೇಳುವುದು ಹುಟ್ಟಿದ ದಿನವನ್ನು, ಮತ್ತು ಮಗುವೊಂದೇ ಕುಳಿತು ಹಿಂದಿನ ಯಾವುದೋ ವರ್ಷವನ್ನು ಒತ್ತಿದರೆ ಮೇಲೆ ವಿವರಿಸಿದ ಬೀಗಗಳಲ್ಲಿ ಹೆಚ್ಚಿನವು ಹಾಕಿಕೊಳ್ಳುವುದೇ ಇಲ್ಲ. ಆದುದರಿಂದ ಯಂತ್ರವನ್ನು ಡಬ್ಬಿಯಿಂದ ತೆಗೆದ ದಿನವೇ ಹಿರಿಯರೊಬ್ಬರು ಪಕ್ಕದಲ್ಲಿ ಕುಳಿತು ಮಗುವಿನ ಖಾತೆಯನ್ನು ನಿಜವಾದ ವಯಸ್ಸಿನಿಂದಲೇ ತೆರೆಯಬೇಕಾಗುವುದು.